ಎರಡು ಕಣ್ಣಿಗೆ ಒಬ್ಬ ಅಜ್ಜ

ಇಂದಿಗೂ ಅಂಟು ಹಚ್ಚಿದ ಹಸಿ ರಟ್ಟಿನ ವಾಸನೆ ಬಂದರೆ ಉಗಾರದ ನಮ್ಮ ಪಡಸಾಲೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಒಂದೇ ಕ್ಯಾಮೆರಾವನ್ನು ಹಲಗೆಯ ಮೇಲೆ ತುಸು ಸರಿಸಿ, ಕಾಕಾ ಅಜ್ಜನ ಎರಡು ಫೋಟೋ ತೆಗೆದಿದ್ದ. ಅಜ್ಜ ತೀರಿಕೊಂಡು ವರ್ಷವಾದ ಮೇಲೆ, ಆ ಜೋಡಿ ಫೋಟೋಗಳನ್ನು, ಒಂದೊಂದು ಕಣ್ಣಿಗೆ ಒಂದೊಂದು ಕಾಣುವಂತೆ, ಎರಡು ಭೂತಗನ್ನಡಿಯಿದ್ದ ರಟ್ಟಿನ ಡಬ್ಬಿಯಲ್ಲಿ ಕೂಡಿಸಿ ತಂದ.

"ವೈನಿ, ಎರಡೂ ಕಣ್ಣ ತಗದ ನೋಡ್ರಿ. ಒಂದ ಕಣ್ಣಿಗೆ ಬರೇ ಫೋಟೋ ಕಾಣತೈತಿ," ಎಂದು ಅವ್ವನ ಕೈಗೆ ಕೊಟ್ಟ.

ಅವ್ವ ಡಬ್ಬಿಗೆ ಕಣ್ಣಿಟ್ಟಳು. ಮರುಕ್ಷಣ ಗಡಬಡಿಸಿ, ತಲೆಯ ಮೇಲೆ ಸೆರಗೆಳೆದುಕೊಂಡು ಎದ್ದು ನಿಂತಳು.

"ಯಾಕವಾ, ಏನಾತು?" ಎಂದಳು ಅಜ್ಜಿ.

"ಮಾವಾರು ಕುಂತಾರ್ರಿ, ಅತ್ತಿ," ಎಂದು ಅವ್ವ ಮೆಲ್ಲಗೆ ಹೇಳಿದಳು.

ಯಾರೂ ನಗಲಿಲ್ಲ. ಅಜ್ಜಿ ಡಬ್ಬಿಗೆ ಕೈಚಾಚಿದಳು. ಮತ್ತೆ ಕೈ ಹಿಂದೆಳೆದುಕೊಂಡು, ಮೊದಲು ತನ್ನ ಸೆರಗು ಸರಿಮಾಡಿಕೊಂಡಳು.