ಬಿ ಸೆಕ್ಷನ್ನಿನ ಓದು

ಸುವರ್ಣಾ ಟೀಚರು ಐದು ವರ್ಷದಿಂದ ಪಿಎಚ್‌ಡಿಗಾಗಿ ಒದ್ದಾಡುತ್ತಿದ್ದರು. ತಮ್ಮ ಶಾಲೆಯ ಮೂರನೇ ತರಗತಿಯನ್ನೇ ಪ್ರಯೋಗಕ್ಕೆ ಇಟ್ಟುಕೊಂಡಿದ್ದರು. ಎ ಸೆಕ್ಷನ್ನಿಗೆ ಅವರದೇ ಹೊಸ ವಿಧಾನದ ಪಾಠ, ಬಿ ಸೆಕ್ಷನ್ನಿಗೆ ಹಳೆಯ ಬಾಯಿಪಾಠ. ಎರಡರ ನಡುವೆ ಎಷ್ಟು ಅಂತರ ಕಂಡರೆ ಪ್ರಬಂಧಕ್ಕೆ ಅಷ್ಟು ತೂಕ.

ವರ್ಷದ ಕೊನೆಗೆ ಪರೀಕ್ಷಿಸಿದರೆ ಬಿ ಸೆಕ್ಷನ್ನಿನವರೂ ಅರಳು ಹುರಿದಂತೆ ಓದಿಬಿಟ್ಟರು.

"ಏನೂ ಫರಕ ಇಲ್ಲಲ್ರೀ," ಎಂದು ಪಿಎಚ್‌ಡಿ ಗೈಡು ಫಲಿತಾಂಶದ ಕಾಗದಗಳನ್ನು ಟೀಚರತ್ತ ತಳ್ಳಿದರು. "ಬಿ ಸೆಕ್ಷನ್ನಿಗೆ ಯಾರೋ ಹೇಳಿಕೊಟ್ಟಾರ. ಇಂಥಾದ್ದಕ್ಕ ಡಾಕ್ಟರೇಟ್ ಕೊಡಂಗಿಲ್ಲ. ಮತ್ತ ಮೊದಲಿಂದ ಮಾಡ್ರಿ."

ಟೀಚರು ಉರಿಯುತ್ತಲೇ ತರಗತಿಗೆ ಬಂದರು.

"ಬಿ ಸೆಕ್ಷನ್ನಿನವರಿಗೆ ಹೇಳಿಕೊಟ್ಟವರು ಯಾರು?"

ಎ ಸೆಕ್ಷನ್ನಿನ ಫಕೀರವ್ವ ಹೆಮ್ಮೆಯಿಂದ ಎದ್ದು ನಿಂತಳು.

"ನಾನ್ರಿ ಟೀಚರ್. ದಿನಾ ಊಟದ ಬಿಡುವಿನ್ಯಾಗ."

ಅವಳ ಅಂಗೈ ಬಾತುಕೊಳ್ಳುವವರೆಗೂ ಟೀಚರು ಸ್ಕೇಲು ಬೀಸಿದರು.

ಮರುವರ್ಷದ ಎರಡೂ ಸೆಕ್ಷನ್ನಿನ ಮಕ್ಕಳನ್ನು ಊಟಕ್ಕೂ ಒಟ್ಟಿಗೆ ಕೂರಲು ಬಿಡಲಿಲ್ಲ. ಬಿ ಸೆಕ್ಷನ್ನಿನಲ್ಲಿ ಒಬ್ಬರಿಗೂ ಒಂದು ಸಾಲು ನೆಟ್ಟಗೆ ಓದಲು ಬರಲಿಲ್ಲ. ಗೈಡು ಬೆನ್ನು ತಟ್ಟಿದರು.

ಬೈಂಡಾಗಿ ಬಂದ ಪ್ರಬಂಧದ ಮೇಲೆ ಬಂಗಾರದ ಬಣ್ಣದ ಅಕ್ಷರಗಳು ಹೊಳೆಯುತ್ತಿದ್ದವು: 'ಮಕ್ಕಳಿಗೆ ಮಕ್ಕಳೇ ಕಲಿಸುವ ಬೋಧನಾ ವಿಧಾನ: ಒಂದು ಅಧ್ಯಯನ.'