ಕೈ ಎಟುಕದ ಜಾಗ

ಕುಂದಾಪುರದ ಡಾಕ್ಟರು ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ರಾಜೀವನ ತೋಳು ಉಜ್ಜಿದರು. ಹತ್ತಿಗೆ ಅರಶಿನ ಹತ್ತಿತು. ಇನ್ನೊಂದು ಹತ್ತಿ ತೆಗೆದು ಉಜ್ಜಿದರು. ಅದು ಬೆಳ್ಳಗೇ ಉಳಿಯಿತು. ತೋಳು ಮಾತ್ರ ಹಳದಿಯಾಗಿಯೇ ಇತ್ತು.

"ಎಂತ ಹಚ್ಚಿದ್ದ್ ಇದ್?"

"ನಾಗನ ಪ್ರಸಾದದ ಅರ್ಶಿನ. ಮೈಯೆಲ್ಲ ತುರ್ಸತ್ತ್ ಅಂದದ್ದಕ್ಕೆ ನಾಗದೋಷ ಅಂತೇಳಿ ಅತ್ತೆ ಹಚ್ಚಿದ್ರ್," ಎಂದಳು ಹೆಂಡತಿ ಕುಸುಮಾವತಿ.

"ಲಾಯ್ಕ್ ಆಯ್ತ್. ಕಾಮಾಲೆ ಮೇಲೆ ಅರ್ಶಿನ ಬಳ್ದ್ರೆ ಯಾರಿಗ್ ಗೊತ್ತಾತ್ತ್?" ಡಾಕ್ಟರು ರಾಜೀವನ ಕಣ್ಣರೆಪ್ಪೆ ಎಳೆದು ನೋಡಿದರು. "ಇದ್ ಚರ್ಮದ್ ಕಾಯ್ಲೆ ಅಲ್ಲ, ಲಿವರಿಂದ್. ಪಿತ್ತ ರಕ್ತಕ್ ಸೇರ್ರೆ ಹೀಂಗೆ ತುರ್ಸತ್ತ್. ಈ ತುರ್ಕೆ ಒಬ್ರಿಂದ ಒಬ್ರಿಗೆ ಅಂಟುದಲ್ಲ."

ಕುಸುಮಾವತಿ ಮೂಗಿಗೆ ಹಿಡಿದಿದ್ದ ಸೆರಗನ್ನು ಬಿಟ್ಟಳು. ಬೊಂಬಾಯಿಯ ಹೋಟೆಲಿನಲ್ಲಿ ದುಡಿಯುವ ಗಂಡ ವರ್ಷದ ಮೇಲೆ ಊರಿಗೆ ಬಂದದ್ದು ಈ ಸೋಮವಾರ. ಮೈ ಕೆರೆಯುತ್ತ ಬಸ್ಸಿಳಿದವನನ್ನು ಕಂಡಾಗಲೇ, ಅಲ್ಲಿಯ ಯಾವುದೋ ಹೆಣ್ಣಿನಿಂದ ಹತ್ತಿಸಿಕೊಂಡ ರೋಗ ಇದು ಎಂದು ಅವಳು ತೀರ್ಮಾನಿಸಿದ್ದಳು. ಅವನ ಚಾಪೆಯನ್ನು ಜಗಲಿಗೆ ಹಾಕಿ, ಬಟ್ಟೆಯನ್ನು ಕೋಲಿನಲ್ಲಿ ಎತ್ತಿ ಕುದಿನೀರಿಗೆ ಅದ್ದಿದ್ದಳು. ಈ ತನಕ ಅವನನ್ನು ಮುಟ್ಟಿರಲಿಲ್ಲ. ಬೈಂದೂರಿನಿಂದ ಬರುವಾಗ ಬಸ್ಸಿನಲ್ಲೂ ಬೇರೆ ಸೀಟಿನಲ್ಲೇ ಕೂತಿದ್ದಳು.

"ಕೇಂಡ್ಯಾ?" ಎಂದ ರಾಜೀವ. "ನನ್ನ್ ಜಗ್ಲಿ ಮೇಲೆ ನಾಯಿ ಹಾಂಗೆ ಮಲ್ಗ್ಸಿದ್ಯಲೆ."

ಅವಳಿಗೆ ನಾಚಿಕೆಯಾಯಿತು. ಮನೆ ಸೇರಿದ ಕೂಡಲೇ ಅವನ ತಲೆಗೆ ತಾನೇ ನೀರು ಹಾಕಬೇಕು ಎಂದುಕೊಂಡಳು.

"ತಣ್ಣೀರ್ ಬಟ್ಟೆ ಹಾಕಿ, ಉಗ್ರ್ ಕತ್ತರ್ಸಿ. ಲಿವರಿಗೆ ದೊಡ್ಡಾಸ್ಪತ್ರೆಲಿ ಪರೀಕ್ಷೆ ಆಯ್ಕ್. ಈಗ ಅಂಗಿ ತೆಗ್ದ್ ತಿರ್ಗಿ ಕೂಕಣಿ," ಎಂದು ಡಾಕ್ಟರು ಲೋಷನ್ ಬಾಟಲಿಯ ಮುಚ್ಚಳ ತೆಗೆದರು. ರಾಜೀವ ಗುಂಡಿ ಬಿಚ್ಚಲು ತಡ ಮಾಡಿದ.

ಬೆನ್ನು ನೋಡಿ ಡಾಕ್ಟರು ನಕ್ಕರು. "ಈ ತುರ್ಕೆಯವ್ರಿಗೆ ಬೆನ್ನಿನ ನಡು ಮಾತ್ರ ಗೀರಿಲ್ದೆ ಚಂದ ಇರತ್ತ್. ಸ್ವಂತ ಕೈ ಅಲ್ಲಿಗೆ ಎಟ್ಕುದಿಲ್ಲ, ಅಲ್ದಾ? ನಿಮ್ದ್ ಅಲ್ಲೂ ಉಗ್ರಿನ ಗೀರೇ. ಒಣ್ಗಿ ಹಕ್ಕಳೆ ಕಟ್ಟಿತ್, ಒಂದ್ ತಿಂಗ್ಳ್ ಹಳೇದ್." ಮತ್ತೆ ಕುಸುಮಾವತಿಯ ಕಡೆ ತಿರುಗಿ, "ಬೆನ್ನ್ ಕೆರ್ದ್ ಸೇವೆ ಮಾಡಿದ್ದ್ ಸಾಕಮ್ಮ. ನಿಮ್ಮ್ ಉಗ್ರೂ ತೆಗೀಕ್," ಎಂದರು.

"ಅದ್ ಗೋಡೆಗ್ ಉಜ್ಜಿದ್ದ್," ಎಂದ ರಾಜೀವ, ತಿರುಗದೆ.

ಕುಸುಮಾವತಿ ಹತ್ತಿರ ಬಂದಳು. ಬೆನ್ನಿನ ನಡುವೆ ನಾಲ್ಕು ನಾಲ್ಕಾಗಿ ಗೀರುಗಳು ಕೆಳಗಿಳಿದಿದ್ದವು. ತನ್ನ ನಾಲ್ಕು ಬೆರಳುಗಳನ್ನು, ಮುಟ್ಟಿಸದೆ, ಅವುಗಳ ಮೇಲೆ ಹಿಡಿದು ನೋಡಿದಳು. ಗೀರಿದ ಕೈ ಅವಳ ಕೈಗಿಂತ ಸಣ್ಣದಾಗಿತ್ತು.