ಒಂದೇ ಒಂದು ತೂತು

ಬಡಾವಣೆಯವರು ಚಂದಾ ಎತ್ತಿ ಶುರುಮಾಡಿದ ಸಾಮೂಹಿಕ ವರ್ಕ್‌ಶಾಪಿಗೆ ಸಮಿತಿ ಹೊಸ ನಿಯಮ ತಂದಿತು. ಸಾದಾ ಸದಸ್ಯರಿಗೆ ಸ್ಕ್ರೂಡ್ರೈವರ್, ಬೆಳ್ಳಿ ಸದಸ್ಯರಿಗೆ ಗರಗಸ, ಡ್ರಿಲ್ ಮಷೀನು ಬಂಗಾರದ ಸದಸ್ಯರಿಗೆ ಮಾತ್ರ. ಬಂಗಾರವಾಗಲು ಮೊದಲು ಒಂದು ವರ್ಷ ಬೆಳ್ಳಿಯಾಗಿರಬೇಕು.

ನಿಯಮದ ಬೋರ್ಡು ಬಂದ ದಿನವೇ ಟೇಲರ್ ಫಕೀರವ್ವ ಹೊಲಿಗೆ ಯಂತ್ರದ ಮುರಿದ ಪೆಡಲ್ ಹಿಡಿದು ಬಂದಳು.

"ಒಂದ ತೂತು ಹೊಡದು ಪಟ್ಟಿ ಬಿಗೀತೀನ್ರಿ. ನಾಳಿ ಮದುಮಗಳ ಬ್ಲೌಸ್ ಕೊಡಬೇಕು."

"ನೀವು ಸಾದಾ. ಡ್ರಿಲ್ ಮುಟ್ಟೂ ಹಂಗಿಲ್ಲ," ಅಂದರು ಅಧ್ಯಕ್ಷರು.

"ಹಂಗಂತ ಎಲ್ಲಿ ಬರದೈತ್ರಿ?"

"ಈ ಬೋರ್ಡಿನ್ಯಾಗ. ಇನ್ನ ಗ್ವಾಡಿಗೆ ಹಾಕಬೇಕು."

"ಗ್ವಾಡಿಗೆ ತೂತು ಯಾರ ಹೊಡೀತಾರ್ರಿ?"

ಅಧ್ಯಕ್ಷರು ಕಾರ್ಯದರ್ಶಿಯ ಮುಖ ನೋಡಿದರು. ವರ್ಕ್‌ಶಾಪು ಶುರುವಾಗಿ ಇನ್ನೂ ಆರು ತಿಂಗಳು. ಬಂಗಾರ ಒಬ್ಬರೂ ಇರಲಿಲ್ಲ.

"ಇವತ್ತೊಂದಿನ ಸಡ್ಲ ಬಿಡ್ರಿ. ನಿಮ್ಮ ಗ್ವಾಡಿಗೂ ನಾನ ಹೊಡದು ಕೊಡ್ತೀನಿ," ಅಂದಳು ಫಕೀರವ್ವ.

"ಛೇ ಛೇ! ನಿಯಮ ಅಂದ್ರ ನಿಯಮ."

ಗೋಡೆಯ ಮೊಳೆಗೆ ತೂಗುತ್ತಿದ್ದ ಡ್ರಿಲ್ ಮಷೀನನ್ನು ಅಧ್ಯಕ್ಷರು ಕೈ ತಾಗದಂತೆ ಕರ್ಚೀಫಿನಲ್ಲಿ ಹಿಡಿದು ಇಳಿಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು. ಖಾಲಿಯಾದ ಮೊಳೆಗೆ ಬೋರ್ಡು ತೂಗುಹಾಕಿದರು.